ಆರು ಮೂಲೆ, ಹನ್ನೆರಡು ಮೂಲೆ

ಅವರ ಹೆಸರನ್ನು ನಾನು ಒಂದು ಸಲ ಹೇಳಬಾರದ ಕಡೆ ಹೇಳಿದ್ದೇನೆ. ಅದಕ್ಕೇ ಇಲ್ಲಿ ಬರೆಯಲು ಕೈ ಬರುವುದಿಲ್ಲ. ಚಾಮರಾಜನಗರದಲ್ಲಿ, ಸತ್ಯಮಂಗಲದ ರಸ್ತೆಯ ಕಡೆಗಿದ್ದ ನಮ್ಮ ಬಸ್ ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಅನ್ನುತ್ತಿದ್ದರು. ನಾನೂ ಕೊನೆಯವರೆಗೆ ಮೇಸ್ತ್ರಿ ಅಂತಲೇ ಕರೆದೆ.

ಊರು ಕುದೇರು. ಬೆಳಗಿನ ಮೊದಲ ಬಸ್ಸಿಗೆ ಬಂದಿಳಿಯುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಕುಳ್ಳು, ಅಗಲ ಭುಜ. ಖಾಕಿ ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿ, ತೋಳನ್ನು ಮಾತ್ರ ಮೊಣಕೈ ಮೇಲಕ್ಕೆ ಮಡಚಿಕೊಳ್ಳುತ್ತಿದ್ದರು. ಊಟಕ್ಕೆ ಮುಂಚೆ ಮರದ ಹೊಟ್ಟಿಗೆ ಸೀಮೆಎಣ್ಣೆ ಕಲಸಿ ಕೈ ಉಜ್ಜಿ, ಆಮೇಲೆ ಸೋಪಿನ ಪುಡಿ ಹಾಕಿ ಉಜ್ಜಿ, ಮೂಸಿ ನೋಡಿ, ಮತ್ತೆ ಉಜ್ಜುವರು. ಹಳೇ ಟೈರಿನ ಮೇಲೆ ಕೂತು ಡಬ್ಬಿ ಬಿಚ್ಚಿದರೆ ಅದರಲ್ಲಿ ಮುದ್ದೆ, ಉಪ್ಪೆಸ್ರು. ನನ್ನ ಡಬ್ಬಿಯ ಚಿತ್ರಾನ್ನ ನೋಡಿ, "ಇದ್ ತಿಂದು ಬೋಲ್ಟ್ ಬಿಚ್ಚಕ್ಕಾಯ್ತದ ಸಾ?" ಅಂದು, ಮುದ್ದೆಯಲ್ಲಿ ಅರ್ಧ ಮುರಿದು ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕುವರು.

ನಾನು ಬೋಲ್ಟು ಬಿಚ್ಚಲು ಸೇರಿದವನಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ಡಿಪ್ಲೊಮಾ ಮುಗಿಸಿದ್ದೆ. ಹೊಸ ಶತಮಾನ ಹುಟ್ಟಿ ಎರಡು ಮೂರು ವರ್ಷವಾಗಿತ್ತು. ಯಜಮಾನರ ಐದು ಬಸ್ಸುಗಳು ಗುಂಡ್ಲುಪೇಟೆ, ಪುಣಜನೂರು, ಕೊಳ್ಳೇಗಾಲದ ಕಡೆ ಓಡುತ್ತಿದ್ದವು. ಅವುಗಳ ರಿಪೇರಿ ನೋಡಿಕೊಳ್ಳುವ ಸೂಪರ್‌ವೈಸರ್ ಅಂತ ನನ್ನನ್ನು ಇಟ್ಟುಕೊಂಡರು. ನನ್ನ ಮೊದಲ ಕೆಲಸ ಅದು. ಮೇಸ್ತ್ರಿ ಆ ಶೆಡ್ಡಿಗೆ ಬಂದಾಗ ನಾನಿನ್ನೂ ಕನ್ನಡ ಶಾಲೆಯಲ್ಲಿ ಮಗ್ಗಿ ಹೇಳುತ್ತಿದ್ದೆ. ಆದರೂ ಅವರು ನನ್ನನ್ನು 'ಸಾರ್' ಅನ್ನಬೇಕಿತ್ತು. ಅವರ ಬಾಯಲ್ಲಿ ಅದು 'ಸಾ' ಆಗುತ್ತಿತ್ತು.

ಅವರ ಬಲಗೈ ಹೆಬ್ಬೆರಳಿಗೆ ಒಂದು ವಿದ್ಯೆಯಿತ್ತು. ಗಾಡಿ ಕೆಳಗೆ ಮಲಗಿ, ಮಣ್ಣು ಮೆತ್ತಿದ ಬೋಲ್ಟಿನ ತಲೆಯನ್ನು ಚಿಂದಿ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆ ಹೆಬ್ಬೆರಳು ಒತ್ತಿ, "ಹತ್ತೊಂಬತ್ತು" ಅನ್ನುವರು. ಬೋಲ್ಟಿನ ತಲೆಗೆ ತೊಡಿಸಿ ತಿರುಗಿಸುವ ಹತ್ತೊಂಬತ್ತರ ಸಾಕೆಟ್ ಕೊಟ್ಟರೆ ಕಟಕ್ಕನೆ ಕೂರುತ್ತಿತ್ತು. ಒಂದು ದಿನ ನಾನು ಹದಿನೇಳು ಮಿಲಿಮೀಟರಿನ ಬೋಲ್ಟಿಗೆ ಇಂಚಿನ ಅಳತೆಯ ಸಾಕೆಟ್ ಕೊಟ್ಟೆ. ನೋಡಲು ಎರಡೂ ಒಂದೇ. ಬೋಲ್ಟಿಗೆ ಹಾಕುತ್ತಲೇ ತೆಗೆದು ನನ್ನ ಕೈಗೇ ವಾಪಸ್ಸು ಇಟ್ಟರು.

"ಇದು ದೊಡ್ಡಣ್ಣನ ಅಂಗಿ ಚಿಕ್ಕವನ್ಗ ಆಕದಂಗೆ ಸಾ. ಮೈಮೇಲ ಇರ್ತದ. ಇಡ್ಕಳಲ್ಲ."

ಅವರಿಗೆ ಬೋಲ್ಟುಗಳೆಲ್ಲ ಒಂದೊಂದು ಸ್ವಭಾವದ ಮನುಷ್ಯರು. ತುಕ್ಕು ಹಿಡಿದದ್ದಕ್ಕೆ 'ಮುನಿಸ್ಕಂಡದ' ಅನ್ನುವರು. ಡೀಸೆಲ್ ಬಿಟ್ಟು, ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಅದನ್ನು ಅದರ ಪಾಡಿಗೆ ಬಿಡುವರು. ಆಮೇಲೆ ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವರು. "ಯಾಕೆ ಮೇಸ್ತ್ರಿ, ಬಿಚ್ಚಬೇಕಾದ್ದನ್ನು ಬಿಗಿ ಮಾಡ್ತೀರಿ?" ಅಂದರೆ, "ಅದ್ರ ಮಾತು ಒಸಿ ಕೇಳ್ಬುಟ್ರ, ಆಮ್ಯಾಕ ನಮ್ ಮಾತು ಕೇಳ್ತದ" ಅನ್ನುವರು. ತುಕ್ಕಿನ ಹಿಡಿತ ಸಡಿಲಿಸಲು ಹೀಗೆ ಮಾಡುತ್ತಾರೆ ಅಂತ ನನ್ನ ಪುಸ್ತಕದಲ್ಲೂ ಇತ್ತು. ಅವರು ಹೇಳುವಾಗ ನಾನು ನಗುತ್ತಿದ್ದೆ.

ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟುಗಳ ವಿಷಯಕ್ಕೆ ಬಂದರೆ ಮಾತ್ರ ಅವರು ತಮಾಷೆ ಮಾಡುತ್ತಿರಲಿಲ್ಲ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆ ಅದು. ಎರಡು ತುದಿಗೂ ನಾಲ್ಕು ನಾಲ್ಕು ಬೋಲ್ಟು. ಅವು ಇರುವುದು ಬಹಳ ಇಕ್ಕಟ್ಟಿನಲ್ಲಿ. ದಪ್ಪ ಗೋಡೆಯ ಸಾಕೆಟ್ ಒಳಗೆ ಹೋಗುವುದಿಲ್ಲ. ಅದಕ್ಕಾಗಿ ಮೇಸ್ತ್ರಿ, ಬೋಲ್ಟಿನ ತಲೆಯಂತೆಯೇ ಒಳಗೆ ಆರು ಮೂಲೆಯಿದ್ದ ಹಳೇ ಸಾಕೆಟ್ ಒಂದರ ಹೊರಮೈಯನ್ನು ಸಾಣೆಕಲ್ಲಿಗೆ ಹಿಡಿದು, ನೀರಿನಲ್ಲಿ ಅದ್ದಿ ಅದ್ದಿ ತೆಳ್ಳಗೆ ಮಾಡಿಕೊಂಡಿದ್ದರು. ಒಂದು ವಾರ ಊಟದ ಹೊತ್ತಿನಲ್ಲೆಲ್ಲ ಅದನ್ನೇ ಮಾಡಿದರು ಅಂತ ಡ್ರೈವರೊಬ್ಬರು ಹೇಳಿದ್ದರು. ನೋಡಲು ವಿಕಾರವಾಗಿತ್ತು. ಒಂದು ಕಡೆ ಸೊಟ್ಟ, ಇನ್ನೊಂದು ಕಡೆ ಸುಟ್ಟ ನೀಲಿ ಬಣ್ಣ.

ಸೇರಿದ ಎಂಟು ತಿಂಗಳಿಗೆ ನಾನು ಯಜಮಾನರಿಗೆ ಹೇಳಿ, ಮೈಸೂರಿನಿಂದ ಹೊಸ ಸಾಕೆಟ್ ಸೆಟ್ ತರಿಸಿದೆ. ನೀಲಿ ಪೆಟ್ಟಿಗೆ, ಒಳಗೆ ಒಂದೊಂದಕ್ಕೂ ಒಂದೊಂದು ಗುಳಿ, ಎಲ್ಲ ಕನ್ನಡಿಯಂತೆ ಹೊಳೆಯುತ್ತಿದ್ದವು. ಅದರ ಜೊತೆಗೆ, ಕೆಲಸ ಮಾಡುವಾಗ ಕಣ್ಣಿಗೆ ಚೂರು ಸಿಡಿಯದಂತೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕನ್ನಡಕವೂ ಒಂದು ಬಂದಿತ್ತು. ಡ್ರೈವರುಗಳೆಲ್ಲ ಸುತ್ತ ನಿಂತಿದ್ದರು. ಮೇಸ್ತ್ರಿ ಕೈ ತೊಳೆದು ಬಂದು, ಒಂದು ಸಾಕೆಟ್ ಎತ್ತಿ ಬೆಳಕಿಗೆ ಹಿಡಿದು ಒಳಗೆ ನೋಡಿದರು.

"ಎಲ್ಲಾ ಹನ್ನೆರ್ಡು ಮೂಲೇವು ತಂದ್ಬುಟ್ರಲ್ಲ ಸಾ."

"ಅದೇ ಒಳ್ಳೇದು ಮೇಸ್ತ್ರಿ. ಇಕ್ಕಟ್ಟಿನಲ್ಲಿ ಹೇಗೆ ಬೇಕಾದರೂ ಕೂರುತ್ತೆ."

"ಕೂರದೇನೋ ಕೂರ್ತದ."

ಅವರು ಒಂದು ಬೋಲ್ಟಿನ ತಲೆಗೆ ತೆಳ್ಳಗೆ ಗ್ರೀಸು ಸವರಿ ವೈಸಿಗೆ ಕಚ್ಚಿಸಿದರು. ಹೊಸ ಸಾಕೆಟ್ ಹಾಕಿ ಒಂದಿಷ್ಟು ಒತ್ತಿ ತಿರುಗಿಸಿ ತೆಗೆದರು. ಗ್ರೀಸು ಮೂಲೆಯ ಅಂಚಿನಲ್ಲಿ ಮಾತ್ರ, ಉಗುರಿನ ಗೀರಿನಷ್ಟು ಅಳಿಸಿತ್ತು. ಮತ್ತೆ ಗ್ರೀಸು ಸವರಿ ತಮ್ಮ ವಿಕಾರದ ಸಾಕೆಟ್ ಹಾಕಿ ತಿರುಗಿಸಿದರು. ಈ ಸಲ ಗ್ರೀಸು ಮೂಲೆಯಿಂದ ಒಳಗಡೆಗೆ, ಸಪಾಟಿನ ಮೇಲೆ ಅಗಲವಾಗಿ ಅಳಿಸಿತ್ತು.

"ನೋಡಿ ಸಾ. ಈ ಹೊಸ್ದು ಮೂಲೆ ಇಡ್ಕತದ. ಆ ಹಳೇದು ಬೋಲ್ಟ್‌ನ ಇಡ್ಕತದ. ಸುಲಭವಾಗಿ ಬರೋ ಬೋಲ್ಟಿಗೆ ಎರಡೂ ಒಂದೇಯ. ಮುನಿಸ್ಕಂಡಿರೋ ಶಾಫ್ಟ್ ಬೋಲ್ಟಿಗೆ ಇದ ಆಕಿದ್ರೆ ಮೂಲೆ ದುಂಡ್ಗಾಗೋಯ್ತದ ಕಣಪ್ಪ."

ಡ್ರೈವರೊಬ್ಬ ನಕ್ಕ. "ಡಿಪ್ಲೊಮಾದಲ್ಲಿ ಇದ ಏಳ್ಕೊಡ್ನಿಲ್ವಾ ಸಾ?" ಅಂದ. ಮೇಸ್ತ್ರಿ ನಗಲಿಲ್ಲ, ಅವನನ್ನೇ ಗದರಿಸಿದರು. ಆದರೆ ನನಗೆ ಆ ನಗು ಮಾತ್ರ ಕೇಳಿಸಿತು. ಮುಂದಿನ ವಾರ ಹಳೇ ಸಾಮಾನನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕಿಸಿದೆ. ಆ ತೆಳ್ಳಗಿನ ಸಾಕೆಟ್ ಗೋಣಿಚೀಲಕ್ಕೆ ಬೀಳುವಾಗ ಮೇಸ್ತ್ರಿ ಹತ್ತಿರ ಬಂದರು.

"ಅದೊಂದ ಬುಟ್ಬುಡಿ ಸಾ."

"ಅದು ಸ್ಟ್ಯಾಂಡರ್ಡ್ ಅಲ್ಲ ಮೇಸ್ತ್ರಿ" ಅಂದೆ. ಅವರು ಮತ್ತೊಮ್ಮೆ ಕೇಳಲಿಲ್ಲ. ಹೊಸ ಸೆಟ್ಟನ್ನು ಬೀರುವಿನಲ್ಲಿಟ್ಟು ಬೀಗದ ಕೈ ನನ್ನ ಜೇಬಿಗೆ ಹಾಕಿಕೊಂಡೆ. ಪ್ಲಾಸ್ಟಿಕ್ ಕನ್ನಡಕವೂ ಅದರಲ್ಲೇ ಇತ್ತು, ಕವರು ಕೂಡ ಹರಿದಿರಲಿಲ್ಲ.

ಅದಾಗಿ ಎರಡು ತಿಂಗಳಿರಬಹುದು. ಗುಂಡ್ಲುಪೇಟೆಯ ಬಸ್ಸು ತೆರಕಣಾಂಬಿ ದಾಟುವಾಗಿನಿಂದ ತಳದಲ್ಲಿ ಟಕಟಕ ಅನ್ನುತ್ತಿದೆ ಅಂತ ಡ್ರೈವರ್ ತಂದು ನಿಲ್ಲಿಸಿದ. ಶಾಫ್ಟ್ ಬಿಚ್ಚಿ ಅದರ ಜಾಯಿಂಟ್ ಬದಲಾಯಿಸಬೇಕಿತ್ತು. ಮಧ್ಯಾಹ್ನ ಎರಡು ಗಂಟೆಗೆ ಅದೇ ಬಸ್ಸು ಮದುವೆ ದಿಬ್ಬಣಕ್ಕೆ ಹೋಗಬೇಕು ಅಂತ ಯಜಮಾನರು ಫೋನು ಮಾಡಿ ಹೇಳಿದರು. ಮೇಸ್ತ್ರಿ ಇರಲಿಲ್ಲ. ಸಂತೇಮರಹಳ್ಳಿ ಹತ್ತಿರ ಕೆಟ್ಟು ನಿಂತ ಇನ್ನೊಂದು ಬಸ್ಸಿಗೆ ಹೋಗಿದ್ದರು. ಡ್ರೈವರ್ ಊಟಕ್ಕೆ ಹೋದ. ಶೆಡ್ಡಿನಲ್ಲಿ ನಾನೊಬ್ಬನೇ.

ಮೇಸ್ತ್ರಿ ಬರುವುದರೊಳಗೆ ಶಾಫ್ಟ್ ಇಳಿಸಿಬಿಡಬೇಕು ಅನ್ನಿಸಿತು. ನೀಲಿ ಪೆಟ್ಟಿಗೆ ತೆಗೆದು ಬಸ್ಸಿನ ಕೆಳಗೆ ನುಗ್ಗಿದೆ. ಮೊದಲನೆಯ ಬೋಲ್ಟು ಸಲೀಸಾಗಿ ಬಂತು. ಅದು ಬಂದದ್ದೇ ನನ್ನ ಗ್ರಹಚಾರ. ಎರಡನೆಯದಕ್ಕೆ ಸಾಕೆಟ್ ಹಾಕಿ, ಹಿಡಿಗೆ ಪೈಪು ತೊಡಿಸಿ ಜಗ್ಗಿದೆ. ಸರಕ್ಕನೆ ಜಾರಿತು. ಮತ್ತೆ ಹಾಕಿದೆ, ಮತ್ತೆ ಜಾರಿತು. ಡೀಸೆಲ್ ಬಿಡಲಿಲ್ಲ, ಬೀಡಿಯಷ್ಟು ಹೊತ್ತು ಕಾಯಲಿಲ್ಲ, ಮಣ್ಣನ್ನೂ ಸರಿಯಾಗಿ ಕೆರೆಯಲಿಲ್ಲ. ಆ ತುದಿಯ ಉಳಿದ ಮೂರು ಬೋಲ್ಟುಗಳ ತಲೆಯೂ ಗೋಲಿಯಂತೆ ದುಂಡಗಾದ ಮೇಲೆ ಹೊರಗೆ ಬಂದು ಕೂತೆ.

ಮೇಸ್ತ್ರಿ ಬಂದರು. ಬಸ್ಸಿನ ಕೆಳಗೆ ಮಲಗಿ ಹೆಬ್ಬೆರಳು ಇಟ್ಟು ನೋಡಿದರು.

"ಎಷ್ಟೊತ್ಗ ಓಗ್ಬೇಕು ಗಾಡಿ?"

"ಎರಡಕ್ಕೆ."

"ಕೊಯ್ಯಕ್ಕ ಗ್ಯಾಸ್ ಕಟರ್ ತರ್ಸದ್ಕ ಹೊತ್ತಿಲ್ಲ. ಉಳಿ ಕೊಡಿ. ಟಾರ್ಚ್ ಇಡ್ಕಳಿ."

ಉಳಿಯಿಟ್ಟು ಬಡಿದು ಒಂದರ ನಟ್ಟು ಸೀಳಿದರು. ಎರಡನೆಯದನ್ನೂ ಸೀಳಿದರು. ನಾನು ಅವರ ಪಕ್ಕದಲ್ಲೇ ಮಲಗಿ ಟಾರ್ಚು ಹಿಡಿದಿದ್ದೆ. ಬೀರುವಿನ ಬೀಗದ ಕೈ ನನ್ನ ಪ್ಯಾಂಟಿನ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು. ಕನ್ನಡಕದ ನೆನಪು ನನಗೆ ಆಗಲಿಲ್ಲ. ಆಗಿದ್ದರೆ ಎದ್ದು ಹೋಗಿ ತರುತ್ತಿದ್ದೆನೇ ಅಂತ ಈಗಲೂ ಕೇಳಿಕೊಳ್ಳುತ್ತೇನೆ. "ಟಾರ್ಚು ಒಸಿ ಇತ್ಲಾಗಿ ಸಾ" ಅಂದರು. ಬಡಿದರು. ಒಂದು ಸಣ್ಣ ಶಬ್ದ, ಕಲ್ಲಿನ ಮೇಲೆ ಕಾಸು ಬಿದ್ದಂತೆ. ಅವರು ಕೂಗಲಿಲ್ಲ. ಸುತ್ತಿಗೆಯನ್ನು ಮೆಲ್ಲಗೆ ಎದೆಯ ಮೇಲೆ ಇಟ್ಟುಕೊಂಡು, ಎಡಗಣ್ಣಿನ ಮೇಲೆ ಅಂಗೈ ಮುಚ್ಚಿ, "ಸಾ, ಕಣ್ಗ ಏನೋ ಬಿತ್ತು" ಅಂದರು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ಯಜಮಾನರು ತಮ್ಮ ಕಾರಿನಲ್ಲೇ ಮೈಸೂರಿಗೆ ಕರೆದುಕೊಂಡು ಹೋದರು. ನಾನು ಹಿಂದಿನ ಸೀಟಿನಲ್ಲಿ ಮೇಸ್ತ್ರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ದಾರಿಯಲ್ಲಿ ಒಂದೇ ಸಲ ಮಾತಾಡಿದರು: "ಇನ್ನೊಂದ್ ಬೋಲ್ಟ್ ಉಳ್ಕಂತಲ್ಲ ಸಾ, ಗಾಡಿಗೇನು ಮಾಡಿರಿ?" ಸಂಜೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಆ ಕಣ್ಣು ಉಳಿಯುವುದಿಲ್ಲ ಅಂದರು. ಯಜಮಾನರು ಬೆಂಚಿನ ಮೇಲೆ ಕುಸಿದು ಕೂತರು. ಆಮೇಲೆ ನನ್ನತ್ತ ತಿರುಗಿದರು.

"ಉಳಿ ಯಾಕಯ್ಯ ಹಿಡಿಯಬೇಕಾಯ್ತು? ಬೋಲ್ಟು ಹಂಗೆ ಹಾಳು ಮಾಡಿದ್ದು ಯಾರು?"

ನಾನು ಮೇಸ್ತ್ರಿಯ ಹೆಸರು ಹೇಳಿದೆ. ಯಾವತ್ತೂ ಬಾಯಲ್ಲಿ ಆಡದ ಅವರ ಹೆಸರನ್ನು ಸ್ಪಷ್ಟವಾಗಿ ಹೇಳಿ, "ಅವರೇ ಸರ್, ಅರ್ಜೆಂಟಿನಲ್ಲಿ ಸಾಕೆಟ್ ನೋಡದೆ ಹಾಕಿಬಿಟ್ಟರು" ಅಂದೆ. ಯೋಚಿಸಿ ಹೇಳಿದ ಸುಳ್ಳಲ್ಲ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಕಾರಿನಲ್ಲಿ ನಂಜನಗೂಡು ದಾಟುವಾಗಲೇ ಯಾರಾದರೂ ಕೇಳಿದರೆ ಏನು ಹೇಳುವುದು ಅಂತ ನಾನು ಯೋಚಿಸುತ್ತಿದ್ದೆ.

ಮಾರನೇ ದಿನ ಯಜಮಾನರು ಹಾಸಿಗೆಯ ಪಕ್ಕ ನಿಂತು, ಅಳುವ ದನಿಯಲ್ಲೇ ಬೈದರು. "ಇಷ್ಟು ವರ್ಷದವನು, ಒಂದು ಸಾಕೆಟ್ ನೋಡಿ ಹಾಕಕ್ಕಾಗಲ್ವೇನಯ್ಯ ನಿಂಗೆ? ಕೈಯಾರೆ ಕಣ್ಣು ಕಳ್ಕೊಂಡ್ಯಲ್ಲೋ."

ಮೇಸ್ತ್ರಿ ದಿಂಬಿನ ಮೇಲೆ ಮುಖ ಹೊರಳಿಸಿ, ಉಳಿದ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿದರು. ನಾನು ಗ್ಲೂಕೋಸಿನ ಬಾಟಲಿ ನೋಡುತ್ತಾ ನಿಂತೆ. ಅವರು ಕಾದರು. ನಿಜವಾಗಿಯೂ ಕಾದರು, ಅದು ನನಗೆ ಗೊತ್ತಾಗುತ್ತಿತ್ತು. ಆಮೇಲೆ ಯಜಮಾನರ ಕಡೆ ತಿರುಗಿ, "ತಪ್ಪಾಯ್ತು ಬುದ್ದಿ" ಅಂದರು.

ಆಸ್ಪತ್ರೆಯ ಖರ್ಚನ್ನೆಲ್ಲ ಯಜಮಾನರೇ ನೋಡಿಕೊಂಡರು. ಆದರೆ ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಎರಡು ಕಣ್ಣಿದ್ದಾಗಲೇ ಹೀಗೆ ಮಾಡಿದವನು ಒಂದು ಕಣ್ಣಿನಲ್ಲಿ ಏನು ಮಾಡುತ್ತಾನೆ ಅಂದರು. ಆ ಮಾತು ಬಸ್ ಸ್ಟ್ಯಾಂಡಿನ ಟೀ ಅಂಗಡಿಗೆ ಹೋಯಿತು, ಅಲ್ಲಿಂದ ಬೇರೆ ಶೆಡ್ಡುಗಳಿಗೂ ಹೋಯಿತು. ಚಾಮರಾಜನಗರದಲ್ಲಿ ಯಾರೂ ಮೇಸ್ತ್ರಿಗೆ ಕೆಲಸ ಕೊಡಲಿಲ್ಲ. ಸಾಕೆಟ್ ಹಾಕಲು ಬಾರದ ಮೇಸ್ತ್ರಿ ಅಂತ ಅವರಿಗೆ ಹೆಸರಾಯಿತು. ಜಿಲ್ಲೆಯಲ್ಲಿ ಆ ವಿದ್ಯೆ ಅವರಷ್ಟು ಗೊತ್ತಿದ್ದವರನ್ನು ನಾನು ಕಂಡಿಲ್ಲ.

ಹೆಂಡತಿಯನ್ನು ಕುದೇರಿನಲ್ಲೇ ಬಿಟ್ಟು ಅವರು ಗುಂಡ್ಲುಪೇಟೆಗೆ ಹೋದರು. ಅಲ್ಲಿ ಅವರ ಕಥೆ ಗೊತ್ತಿದ್ದವರು ಕಡಿಮೆ. ಊಟಿಗೆ ಹೋಗುವ ರಸ್ತೆಯಲ್ಲಿ ಒಂದು ಹೊಂಗೆ ಮರದ ಕೆಳಗೆ ತಗಡು ಹಾಕಿಕೊಂಡಿದ್ದರು. ವರ್ಷದ ಮೇಲೆ ನಾನು ಮೊದಲ ಸಲ ಹೋದಾಗ ಕೇರಳದ ತರಕಾರಿ ಲಾರಿಯೊಂದರ ಕೆಳಗೆ ಅವರ ಎರಡು ಕಾಲು ಕಾಣುತ್ತಿದ್ದವು. ಗೋಣಿತಾಟಿನ ಮೇಲೆ ಸಾಕೆಟ್ಟುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದ್ದರು. ಎಲ್ಲ ಹಳೆಯವು, ಎಲ್ಲ ಆರು ಮೂಲೆಯವು.

"ಚೇಟಾ, ಕಳಿಞ್ಞೋ?" ಅಂತ ಲಾರಿಯ ಡ್ರೈವರ್ ಮಲಯಾಳದಲ್ಲಿ ಕೇಳಿದ, ಕೆಲಸ ಮುಗಿಯಿತೇ ಅಂತ.

"ಇಪ್ಪೋ ಕಳಿಯುಂ, ಇರಪ್ಪ" ಅಂತ ಅರ್ಧ ಮಲಯಾಳದಲ್ಲಿ, ಅರ್ಧ ಕನ್ನಡದಲ್ಲಿ ಉತ್ತರ ಬಂತು.

ಹೊರಗೆ ಬಂದು ನನ್ನನ್ನು ಕಂಡು, ಗುರುತು ಸಿಗಲು ಮುಖವನ್ನು ಒಂದು ಪಕ್ಕಕ್ಕೆ ವಾಲಿಸಿದರು. "ಕೋಳಿ ನೋಡ್ದಂಗೆ ನೋಡ್ಬೇಕು ಸಾ ಈಗ" ಅಂತ ತಾವೇ ನಕ್ಕರು. ಟೀ ತರಿಸಿದರು. ಲೋಟ ತೆಗೆದುಕೊಳ್ಳಲು ಕೈ ಚಾಚಿದಾಗ ಅವರ ಬೆರಳು ಲೋಟಕ್ಕಿಂತ ಒಂದಂಗುಲ ಈಚೆಗೇ ಮುಚ್ಚಿಕೊಂಡಿತು. ಒಂದೇ ಕಣ್ಣಿಗೆ ದೂರದ ಅಂದಾಜು ಸಿಗುತ್ತಿರಲಿಲ್ಲ. ಎರಡನೇ ಸಲಕ್ಕೆ ಹಿಡಿದುಕೊಂಡರು. ಎಡಗೈಯ ಗಿಣ್ಣುಗಳ ಮೇಲೆ ಸುತ್ತಿಗೆ ತಪ್ಪಿ ಬಿದ್ದ ಗಾಯಗಳು, ಒಣಗಿದವೂ ಹಸಿಯವೂ ಇದ್ದವು. ನಾನು ನೋಡುತ್ತಿರುವುದನ್ನು ಕಂಡು ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ಟೀ ಮುಗಿದ ಮೇಲೆ ನಾನು ಶುರು ಮಾಡಿದೆ. "ಮೇಸ್ತ್ರಿ, ಆವತ್ತು ಆಸ್ಪತ್ರೆಯಲ್ಲಿ ನಾನು..."

"ಬ್ಯಾಡಿ ಸಾ."

"ಇಲ್ಲ, ನಾನು ಹೇಳಬೇಕು."

"ನನ್ಗ್ಯಾಕ ಏಳಿರಿ? ನನ್ಗೊತ್ತಿಲ್ವಾ ಯಾರು ಮಾಡಿದ್ದು ಅಂತ?" ಅವರ ದನಿ ಏರಿರಲಿಲ್ಲ. "ಏಳದಾದ್ರ ಯಜಮಾನ್ರಿಗೇಳಿ. ಕಣ್ಣು ಓಗಿದ್ದು ಓಯ್ತು. ಸಾಕೆಟ್ ಆಕಕ್ ಬರಾಕಿಲ್ಲ ಅಂತ ಅಂದ್ರಲ್ಲ ಸಾ ನನ್ನ. ಅದೊಂದು ತಡ್ಯಕ್ಕಾಯ್ತಾಯಿಲ್ಲ."

"ಹೇಳ್ತೀನಿ ಮೇಸ್ತ್ರಿ. ಈ ವಾರವೇ ಹೇಳ್ತೀನಿ."

"ಏಳಿ" ಅಂದರು. "ನಿಮ್ಮ ಕೆಲ್ಸ ಓಗ್ದಂಗೆ ನೋಡ್ಕಂಡು ಏಳಿ."

ಆ ವಾರ ಯಜಮಾನರ ಕೋಣೆಗೆ ಎರಡು ಸಲ ಹೋದೆ. ಮೊದಲ ಸಲ ಯಾರೋ ನೆಂಟರು ಕೂತಿದ್ದರು. ಎರಡನೇ ಸಲ ಅವರೊಬ್ಬರೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ, ಇನ್ನೆರಡು ಬಸ್ಸು ಕೊಳ್ಳುತ್ತಿದ್ದೇನೆ, ಶೆಡ್ಡಿನ ಪೂರ್ತಿ ಜವಾಬ್ದಾರಿ ನಿನ್ನದೇ, ನೀನು ನಂಬಿಕಸ್ತ ಅಂದರು. ಆ 'ನಂಬಿಕಸ್ತ' ಅನ್ನುವ ಮಾತು ಕೇಳಿಸಿಕೊಂಡು ಹೊರಗೆ ಬಂದೆ. ಮೂರನೇ ಸಲ ಹೋಗಲಿಲ್ಲ.

ಗುಂಡ್ಲುಪೇಟೆಗೆ ಮಾತ್ರ ಹೋಗುತ್ತಿದ್ದೆ, ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಒಮ್ಮೆ. ಬರಿಗೈಲಿ ಹೋಗುತ್ತಿರಲಿಲ್ಲ. ಒಮ್ಮೆ ಹಣ್ಣು, ಒಮ್ಮೆ ಹೊಸ ಟಾರ್ಚು. ಅವರು ಎಲ್ಲವನ್ನೂ ತೆಗೆದುಕೊಂಡರು. ಆ ವಿಷಯ ಮತ್ತೆ ಎತ್ತಲಿಲ್ಲ. ಮಲಯಾಳಿ ಡ್ರೈವರುಗಳ ಕಥೆ ಹೇಳುವರು, ಮಂಜಿನಲ್ಲಿ ಬಂಡೀಪುರದ ಕಡೆಯಿಂದ ಬಂದ ಲಾರಿಯ ಶಬ್ದ ಕೇಳಿ ಯಾವ ಬೇರಿಂಗ್ ಹೋಗಿದೆ ಅಂತ ಹೇಳಿದ್ದನ್ನು ಹೇಳುವರು. ನಾನು ಹೊರಡುವಾಗ ಪ್ರತಿಸಲವೂ ಒಂದೇ ಮಾತು ಕೇಳುವರು.

"ಯಜಮಾನ್ರು ಚೆಂದಾಗವ್ರಾ ಸಾ?"

"ಚೆನ್ನಾಗಿದ್ದಾರೆ ಮೇಸ್ತ್ರಿ" ಅನ್ನುತ್ತಿದ್ದೆ. ಒಳ್ಳೇ ಮನುಷ್ಯ, ಕೆಲಸದಿಂದ ತೆಗೆದವರ ಕ್ಷೇಮವನ್ನೂ ವಿಚಾರಿಸುತ್ತಾರೆ ಅಂದುಕೊಂಡು ಬಸ್ಸು ಹತ್ತುತ್ತಿದ್ದೆ.

ಆಮೇಲೆ ನನಗೆ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಮದುವೆಯಾಯಿತು. ಹೋಗುವುದು ತಪ್ಪಿತು. ಎರಡು ವರ್ಷ ಕಳೆದಿರಬೇಕು, ಹಳೆಯ ಡ್ರೈವರೊಬ್ಬ ಮೊಬೈಲಿಗೆ ಫೋನು ಮಾಡಿ, ಮೇಸ್ತ್ರಿ ಹೋಗಿಬಿಟ್ಟರು ಅಂದ. ಕಾಮಾಲೆಯಂತೆ. ಗುಂಡ್ಲುಪೇಟೆಯಿಂದ ಊರಿಗೆ ಬಂದು ಹದಿನೈದು ದಿನ ಮಲಗಿದ್ದರಂತೆ. ಮಣ್ಣಿಗೆ ಹೋಗುವ ಧೈರ್ಯವಾಗಲಿಲ್ಲ. ತಿಥಿ ಕಳೆದ ಮೇಲೆ ಒಂದು ಭಾನುವಾರ ಕುದೇರಿಗೆ ಹೋದೆ.

ಜಗಲಿಯ ಮೇಲೆ ಮೇಸ್ತ್ರಿಯ ಅಣ್ಣ ಕೂತಿದ್ದರು. ಕಿವಿ ಮಂದ. ಯಾರು ಅಂತ ಕೇಳಿ, ಶೆಡ್ಡಿನವನು ಅಂತ ಗೊತ್ತಾದ ಮೇಲೆ ಜೋರಾಗಿ ಹೇಳಿದರು: "ಒಳ್ಳೇ ಕೆಲ್ಸ ಇತ್ತು ಕಣಪ್ಪ. ಅವ್ನೇ ಕೈಯಾರ ಹಾಳ್ಮಾಡ್ಕಂಡ. ಕುಡ್ದು ಮಾಡ್ಬುಟ್ನೋ ಏನೋ." ಮೇಸ್ತ್ರಿ ಕುಡಿಯುತ್ತಿರಲಿಲ್ಲ. ನಾನು ಏನೂ ಹೇಳದೆ ಒಳಗೆ ಹೋದೆ.

ಅವರ ಹೆಂಡತಿಯನ್ನು ನಾನು ಆಸ್ಪತ್ರೆಯಲ್ಲಿ ಒಂದೆರಡು ಸಲ ನೋಡಿದ್ದೆ, ಅಷ್ಟೆ. ಬಡಕಲು ಹೆಂಗಸು. ಚಾಪೆ ಹಾಕಿ ಕೂರಿಸಿದರು. ನನ್ನನ್ನು ನೋಡಿದ ಕೂಡಲೇ ಕೇಳಿದರು:

"ಯಜಮಾನ್ರಿಗ ಏಳುದ್ರಾ ನೀವು?"

ನಾನು ಚಾಪೆಯ ಅಂಚನ್ನು ನೋಡಿದೆ.

"ಕಾಯ್ತಿದ್ರು ಕಣಪ್ಪ. ಆ ಸೂಪರ್‌ವೈಸರಪ್ಪ ಏಳ್ತೀನಿ ಅಂದದ, ಏಳುದ್ರ ಯಜಮಾನ್ರು ಕರ್ಸಿಕೊಂಡೇ ಕರ್ಸಿಕೊತಾರ ಅಂತ. ಗುಂಡ್ಲುಪೇಟೆಲಿ ಒಂದು ಗಟ್ಟಿ ಮನೆ ಮಾಡ್ಬುಡಿ, ನಾನೂ ಬತ್ತೀನಿ ಅಂದ್ರೆ ಬ್ಯಾಡ ಅನ್ನೋರು. ನಾಳೆ ನಾಡಿದ್ದು ಚಾಮ್ರಾಜ್‌ನಗ್ರಕ್ಕೇ ಬಂದ್ಬುಡ್ತೀನಿ, ಗುಂಡ್ಲುಪೇಟೆಲಿ ಮನೆ ಮಾಡಿ ಏನ್ಮಾಡದು ಅನ್ನೋರು. ನೀವು ಬಂದೋದಾಗೆಲ್ಲ ಊರ್ಗ ಬಂದು ಏಳೋರು. ಇನ್ನೂ ಏಳಿಲ್ಲ ಅನ್ನುಸ್ತದ, ಯಜಮಾನ್ರು ಚೆಂದಾಗವ್ರೆ ಅಂತ ಅಷ್ಟೇ ಅಂದ್ರು ಅಂತ."

ಅವರು ದೊಡ್ಡ ಮನಸ್ಸಿನವರು, ನನ್ನನ್ನು ಕ್ಷಮಿಸಿದ್ದಾರೆ ಅಂದುಕೊಂಡಿದ್ದೆ. ಅವರು ಐದು ವರ್ಷ ನನ್ನ ಮಾತನ್ನು ನಂಬಿಕೊಂಡು ಕಾಯುತ್ತಿದ್ದರು. ನಾನು ಕೊಟ್ಟ ಹಣ್ಣನ್ನೂ ಟಾರ್ಚನ್ನೂ ಅವರು ತೆಗೆದುಕೊಂಡದ್ದು ಅದಕ್ಕೆ.

"ಹೇಳಲಿಲ್ಲ ಅಕ್ಕ" ಅಂದೆ.

ಆಕೆ ಅಳಲಿಲ್ಲ. ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. "ಹಂಗಾದ್ರ ಓಗಿ" ಅಂದರು. ಮನೆಯಿಂದ ಹೋಗು ಅಂದರೋ, ಹೋಗಿ ಹೇಳು ಅಂದರೋ ನನಗೆ ತಿಳಿಯಲಿಲ್ಲ.

ಕುದೇರಿನಿಂದ ನೇರವಾಗಿ ಚಾಮರಾಜನಗರಕ್ಕೆ, ಯಜಮಾನರ ಮನೆಗೆ ಹೋದೆ. ಬಸ್ಸುಗಳನ್ನು ಮಾರಿದ್ದರು. ಸಕ್ಕರೆ ಕಾಯಿಲೆಯಿಂದ ಸೊರಗಿ, ವರಾಂಡದಲ್ಲಿ ಪೇಪರು ಹಿಡಿದು ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಗುಜರಿಗೆ ಹಾಕಿದ್ದು, ಬೋಲ್ಟು ಹಾಳು ಮಾಡಿದ್ದು, ಆಸ್ಪತ್ರೆಯ ಬೆಂಚಿನ ಮುಂದೆ ಹೇಳಿದ ಸುಳ್ಳು, ಬೀರುವಿನೊಳಗಿನ ಕನ್ನಡಕ. ಅವರು ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟರು.

"ಆವತ್ತೇ ಯಾಕೆ ಹೇಳಲಿಲ್ಲ?"

"ಕೆಲಸ ಹೋಗುತ್ತೆ ಅಂತ ಸರ್."

"ಯಾರಯ್ಯ ತೆಗೀತಿದ್ರು ನಿನ್ನ? ಮೂರು ಬೋಲ್ಟಿಗೆ?" ಅವರು ನನ್ನನ್ನೇ ನೋಡಿದರು. "ಎರಡು ಬೈದು ಸುಮ್ಮನಾಗ್ತಿದ್ದೆ. ಅವನನ್ನು ಶೆಡ್ಡಿನಲ್ಲೇ ಕೂರಿಸ್ತಿದ್ದೆ, ಬರೀ ನೋಡ್ಕೊಂಡು ಹೇಳ್ಕೊಡೋಕೆ. ಅವನ ಕೆಲಸಕ್ಕೆ ಕಣ್ಣೇ ಬೇಕಿರಲಿಲ್ಲ."

ಅವರು ಕೋಲು ಊರಿ ಎದ್ದರು. ಒಳಗಿನಿಂದ ಯಾರನ್ನೋ ಕರೆದು ಕಾರು ತೆಗೆಯಲು ಹೇಳಿದರು.

"ನನ್ನ ಮುಂದೆ ಹೇಳಿ ಏನುಪಯೋಗ? ನಡಿ, ಆ ಹೆಣ್ಣುಮಗಳ ಮುಂದೆ ಹೇಳು."

ಕುದೇರಿನ ಆ ಬೀದಿಗೆ ಕಾರು ಬಂದು ನಿಂತದ್ದಕ್ಕೆ ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಯಜಮಾನರು ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು, ಮೇಸ್ತ್ರಿಯ ಹೆಂಡತಿಗೆ ಕೈ ಮುಗಿದು, ನನ್ನ ಕಡೆ ನೋಡಿದರು. ನಾನು ಹೇಳಿದೆ. ಬೋಲ್ಟು ಹಾಳು ಮಾಡಿದ್ದು ನಾನು, ಮೇಸ್ತ್ರಿಯಲ್ಲ. ತಪ್ಪು ಸಾಕೆಟ್ ಹಾಕಿದ್ದು ನಾನು. ಅವರ ಹೆಸರು ಹೇಳಿ ನಾನು ತಪ್ಪಿಸಿಕೊಂಡೆ.

ಆಕೆ ನನ್ನ ಮುಖವನ್ನು ನೋಡುತ್ತಿದ್ದರು. ಆಮೇಲೆ ಜಗಲಿಯ ಕಡೆ ತಿರುಗಿದರು.

"ಇನ್ನೊಂದ್ಸಲ ಏಳಪ್ಪ" ಅಂದರು. "ನಮ್ಮ ಭಾವನ್ಗ ಕಿವಿ ಕೇಳಾಕಿಲ್ಲ. ಜೋರಾಗೇಳು."

ನಾನು ಜಗಲಿಯ ಹತ್ತಿರ ಹೋಗಿ, ಆ ಮುದುಕರ ಕಿವಿಯ ಬಳಿ ಬಾಗಿ, ಇಡೀ ಬೀದಿಗೆ ಕೇಳುವಂತೆ ಮೊದಲಿನಿಂದ ಹೇಳಿದೆ.